ನೆಲ್ಲಿಯ ಒಗರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಾರ್ತಿಕ ಹುಟ್ಟುತ್ತಿದ್ದಂತೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ನೆಲ್ಲಿಕಾಯಿಯ ಸುದ್ದಿ ಹೆಚ್ಚುತ್ತದೆ. ಒಬ್ಬರು ಪೂಜೆಯ ವಿಷಯ ಕೇಳಿದರೆ ಇನ್ನೊಬ್ಬರು ಮದ್ದಿನ ವಿಷಯ ಕೇಳುತ್ತಾರೆ, ಮತ್ತೊಬ್ಬರಿಗೆ ಭರಣಿಯಲ್ಲಿ ಹಾಕಿಟ್ಟ ಉಪ್ಪಿನಕಾಯಿ ಏಕೆ ಕಪ್ಪಾಯಿತೆಂಬ ಚಿಂತೆ. ಈ ಸಲ ಅವುಗಳಲ್ಲಿ ಕೆಲವನ್ನು ಒಟ್ಟಿಗೆ ಎತ್ತಿಕೊಂಡಿದ್ದೇವೆ. ನೆಲ್ಲಿಯ ಮಾತು ಬಂದಾಗ ನಾವು ಸಾಮಾನ್ಯವಾಗಿ ಅದರ ಹುಳಿಯನ್ನೇ ಹೊಗಳುತ್ತೇವೆ. ಆದರೆ ಪೂಜೆ, ಮದ್ದು, ಅಡುಗೆ ಮೂರರಲ್ಲಿಯೂ ಹೆಚ್ಚು ಕೆಲಸ ಮಾಡಿರುವುದು ಅದರ ಒಗರು ಎಂಬುದು ಈ ಪತ್ರಗಳಿಗೆ ಉತ್ತರ ಬರೆಯುತ್ತ ಹೋದಂತೆ ನಮಗೆ ಸ್ಪಷ್ಟವಾಯಿತು.

ಪ್ರಶ್ನೆ: ಉತ್ಥಾನ ದ್ವಾದಶಿಯಂದು ತುಳಸಿಕಟ್ಟೆಯಲ್ಲಿ ನೆಲ್ಲಿಯ ಕೊಂಬೆಯನ್ನೇ ಏಕೆ ನೆಡಬೇಕು? ನಗರದಲ್ಲಿ ಕಾಯಿ ಇರುವ ಕೊಂಬೆ ಸಿಗುವುದೇ ಕಷ್ಟವಾಗಿದೆ. ಅದಿಲ್ಲದೆ ಪೂಜೆ ಮಾಡಿದರೆ ದೋಷ ತಗಲುತ್ತದೆಯೇ? ನೆಲ್ಲಿಕಾಯಿಯಲ್ಲಿ ಹಚ್ಚಿದ ದೀಪವನ್ನು ಆಮೇಲೆ ಏನು ಮಾಡಬೇಕು?
(ಗೃಹಿಣಿ, ಬೆಂಗಳೂರು)

ಕಾರ್ತಿಕ ಶುದ್ಧ ದ್ವಾದಶಿಯಂದು ತುಳಸಿಗೂ ದಾಮೋದರನಿಗೂ ಮದುವೆ ಮಾಡಿಸುವ ಸಂಪ್ರದಾಯದಲ್ಲಿ, ತುಳಸಿಯ ಪಕ್ಕದಲ್ಲಿ ನೆಟ್ಟ ನೆಲ್ಲಿಯ ಕೊಂಬೆಯೇ ವರನ ಸ್ಥಾನದಲ್ಲಿ ನಿಲ್ಲುತ್ತದೆ. ಜಲಂಧರನೆಂಬ ಅಸುರನ ಮಡದಿ ವೃಂದೆ ಅಗ್ನಿಪ್ರವೇಶ ಮಾಡಿದ ಜಾಗದಲ್ಲಿ ಧಾತ್ರಿ, ಮಾಲತಿ, ತುಳಸಿ ಎಂಬ ಮೂರು ಗಿಡಗಳು ಹುಟ್ಟಿದವೆಂದು ಕಾರ್ತಿಕ ಮಾಹಾತ್ಮ್ಯದ ಕಥೆ ಹೇಳುತ್ತದೆ. ಧಾತ್ರಿ ಎಂದರೆ ನೆಲ್ಲಿ. ಹೀಗಾಗಿ ತುಳಸಿಗೂ ನೆಲ್ಲಿಗೂ ಮೊದಲಿನಿಂದಲೇ ಒಡಹುಟ್ಟಿನ ನಂಟೂ ಇದೆ, ಮದುವೆಯ ನಂಟೂ ಇದೆ. ಪುರಾಣದಲ್ಲಿ ಇಂಥ ಗೋಜಲುಗಳನ್ನು ಬಿಡಿಸಲು ಹೋಗದಿರುವುದೇ ಒಳ್ಳೆಯದು. ಕರಾವಳಿಯ ದೇವಸ್ಥಾನಗಳಲ್ಲಿ ಇದೇ ತಿಂಗಳು ದೇವರನ್ನು ತೋಪಿಗೆ ಕರೆದೊಯ್ದು, ನೆಲ್ಲಿಯ ಮರದ ಕೆಳಗೆ ಧಾತ್ರಿ ಹವನ ಮಾಡಿ, ಊರವರೆಲ್ಲ ಕೂಡಿ ವನಭೋಜನ ಮಾಡುವ ಪದ್ಧತಿಯೂ ಇದೆ. ಆ ಪದ್ಧತಿಯಲ್ಲಿ ಕೊಂಬೆಯನ್ನು ಮನೆಗೆ ತರುವುದಿಲ್ಲ, ಜನರೇ ಮರದ ಬಳಿಗೆ ಹೋಗುತ್ತಾರೆ ಎಂಬುದನ್ನು ಗಮನಿಸಿ.

ಕೊಂಬೆ ಸಿಗದಿದ್ದರೆ ನಾಲ್ಕು ನೆಲ್ಲಿಕಾಯಿಯನ್ನು ತುಳಸಿಯ ಬುಡದಲ್ಲಿಟ್ಟು ಪೂಜಿಸಿದರೂ ಸಾಕೆಂದು ಅನೇಕ ಮನೆಗಳಲ್ಲಿ ಹಿರಿಯರೇ ಹೇಳುತ್ತಾರೆ, ನಮ್ಮ ಅಭಿಪ್ರಾಯವೂ ಅದೇ. ಹಬ್ಬದ ಹಿಂದಿನ ಸಂಜೆ ಮಾರುಕಟ್ಟೆಗೆ ಬರುವ ಕೊಂಬೆಗಳಲ್ಲಿ ಎಷ್ಟೋ ಕಾಡಂಚಿನ ಮರಗಳಿಂದ ಕಡಿದು ತಂದವು. ಕಾಡಿನ ನೆಲ್ಲಿಗೆ ಈಗಾಗಲೇ ಬೇರೆ ಕಷ್ಟಗಳಿವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಲೆಮಾರುಗಳಿಂದ ನೆಲ್ಲಿಕಾಯಿ ಕಿತ್ತು ಬದುಕಿದವರು. ಮರದ ರಸ ಹೀರಿ ಬೆಳೆಯುವ ಬಂದಳಿಕೆಯನ್ನು ಅವರು ಉಪ್ಪಿಲು ಎನ್ನುತ್ತಾರೆ. ಬೇಸಿಗೆಯ ಮೊದಲಲ್ಲಿ ತರಗೆಲೆಗೆ ಹಾಕುತ್ತಿದ್ದ ಸಣ್ಣ ಬೆಂಕಿ ನಿಂತ ಮೇಲೆ ಉಪ್ಪಿಲು ಹೆಚ್ಚಿ ನೆಲ್ಲಿಮರಗಳು ಒಣಗತೊಡಗಿದವೆಂಬುದು ಅವರ ಅನುಭವ, ಸಂಶೋಧಕರೂ ಅದನ್ನು ದಾಖಲಿಸಿದ್ದಾರೆ. ಅಂಥ ಮರದ ಕಾಯಿಬಿಟ್ಟ ಕೊಂಬೆಯನ್ನು ಒಂದು ಸಂಜೆಯ ಪೂಜೆಗಾಗಿ ಕಡಿಸುವುದಕ್ಕಿಂತ, ಗೇಣುದ್ದದ ಒಂದು ಚಿಗುರು ಸಾಕೆಂದು ತೃಪ್ತಿಪಡುವುದು ಲೇಸು.

ದೀಪದ ವಿಷಯ ಸರಳವಾಗಿದೆ. ಕಾಯಿಯ ತೊಟ್ಟಿನ ಭಾಗವನ್ನು ಸ್ವಲ್ಪ ಕೊರೆದು, ಆ ಕುಳಿಯಲ್ಲಿ ತುಪ್ಪದಲ್ಲಿ ಅದ್ದಿದ ಹೂಬತ್ತಿ ಇಟ್ಟು ಹಚ್ಚುತ್ತಾರೆ. ತಿರುಳಿನಲ್ಲಿ ನೀರಿನಂಶ ಹೆಚ್ಚಿರುವುದರಿಂದ ಕಾಯಿ ಸುಡದೆ ನಿಲ್ಲುತ್ತದೆ. ಮಸಿ ಹಿಡಿದ ಆ ಕಾಯಿಯನ್ನು ತಿನ್ನುವುದು ಬೇಡ, ಗಿಡದ ಬುಡಕ್ಕೆ ಹಾಕಿ.

ಪ್ರಶ್ನೆ: ನೆಲ್ಲಿಕಾಯಿ ತಿಂದು ನೀರು ಕುಡಿದರೆ ನೀರು ಸಿಹಿಯಾಗುವುದೇಕೆ? ತರಗತಿಯಲ್ಲಿ ಮಕ್ಕಳು ಕೇಳಿದರು, ಉತ್ತರ ಹೇಳಲಾಗಲಿಲ್ಲ.
(ಪ್ರಾಥಮಿಕ ಶಾಲಾ ಶಿಕ್ಷಕಿ, ತೀರ್ಥಹಳ್ಳಿ)

ಸಿಹಿ ನೀರಿನಲ್ಲಿಲ್ಲ, ನಾಲಿಗೆಯಲ್ಲಿದೆ. ನಾಲಿಗೆಯ ರುಚಿಮೊಗ್ಗುಗಳು ಒಂದು ರುಚಿಗೆ ಸ್ವಲ್ಪ ಹೊತ್ತು ಒಗ್ಗಿಕೊಂಡು ಕುಳಿತಾಗ, ಅದನ್ನು ತೊಳೆದುಹಾಕುವ ಸಪ್ಪೆ ನೀರೂ ಬೇರೊಂದು ರುಚಿಯಾಗಿ ತೋರುತ್ತದೆ. ಹುಳಿಗೆ ಒಗ್ಗಿದ ನಾಲಿಗೆಗೆ ನೀರು ಸಿಹಿಯೆನಿಸುವುದನ್ನು ರುಚಿಯನ್ನು ಅಭ್ಯಾಸ ಮಾಡುವ ವಿಜ್ಞಾನಿಗಳು ನಿಂಬೆಯ ಆಮ್ಲದಿಂದಲೂ ತೋರಿಸಿದ್ದಾರೆ. ನೆಲ್ಲಿಯಲ್ಲಿ ಹುಳಿಯ ಜೊತೆಗೆ ಒಗರು ಬಲವಾಗಿದೆ. ಒಗರು ಎಂದರೆ ಟ್ಯಾನಿನ್ ಜಾತಿಯ ವಸ್ತುಗಳು ಜೊಲ್ಲಿನ ಪ್ರೋಟೀನನ್ನು ಹಿಡಿದುಕೊಂಡು ಬಾಯಿಯನ್ನು ಬಿಗಿಯುವಂತೆ ಮಾಡುವುದು. ಆ ಬಿಗಿ ಸಡಿಲವಾಗುವ ಹೊತ್ತಿಗೆ ನೀರು ಬಂದರೆ ಅದರ ಹಿತ ಇಮ್ಮಡಿಯಾಗುತ್ತದೆ. ಮಕ್ಕಳಿಗೆ ಅರ್ಧ ಕಾಯಿ ಅಗಿಸಿ, ಮೊದಲು ತಣ್ಣೀರು, ಇನ್ನೊಮ್ಮೆ ಅಗಿಸಿ ಆಮೇಲೆ ಬೆಚ್ಚನೆಯ ನೀರು ಕೊಟ್ಟು, ಯಾವುದು ಹೆಚ್ಚು ಸಿಹಿ ಎಂದು ಕೇಳಿ ನೋಡಿ. ಉತ್ತರಕ್ಕಿಂತ ಆ ಪಾಠವೇ ಅವರಿಗೆ ನೆನಪಿರುತ್ತದೆ.

ಪ್ರಶ್ನೆ: ರಾತ್ರಿ ನೆಲ್ಲಿಕಾಯಿ ತಿನ್ನಬಾರದು, ಭಾನುವಾರ ಮತ್ತು ಸಪ್ತಮಿಯಂದು ಮುಟ್ಟಲೇಬಾರದು, ತಿಂದರೆ ಲಕ್ಷ್ಮಿ ಮನೆ ಬಿಟ್ಟು ಹೋಗುತ್ತಾಳೆ ಎಂದು ನಮ್ಮ ಅಜ್ಜಿ ಹೇಳುತ್ತಾರೆ. ಇದಕ್ಕೆ ಆಧಾರವಿದೆಯೇ?
(ಕಾಲೇಜು ವಿದ್ಯಾರ್ಥಿ, ಚಿತ್ರದುರ್ಗ)

ನಿಮ್ಮ ಅಜ್ಜಿ ಹೇಳುವುದು ಕರ್ನಾಟಕದ ಬಹುಭಾಗದಲ್ಲಿ ಕೇಳಿಬರುವ ನಿಷೇಧವೇ. ಭಾನುವಾರ, ಸಪ್ತಮಿಗಳು ಸೂರ್ಯನಿಗೆ ಸೇರಿದ ದಿನಗಳಾದ್ದರಿಂದ ಅವು ವ್ರತನಿಯಮದ ಮಾತು. ನಂಬುವವರು ಪಾಲಿಸಬಹುದು, ಪಾಲಿಸದವರ ಆರೋಗ್ಯಕ್ಕೆ ಅದರಿಂದ ಏನೂ ಆಗುವುದಿಲ್ಲ. ರಾತ್ರಿಯ ನಿಷೇಧಕ್ಕೆ ಮಾತ್ರ ಊಟದ ಲೆಕ್ಕದಲ್ಲಿ ಸ್ವಲ್ಪ ಅರ್ಥ ಕಾಣುತ್ತದೆ. ಮಲಗಿದಾಗ ಬಾಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಹುಳಿಯ ಅಂಶ ಹಲ್ಲಿನ ಮೇಲೆ ಹೆಚ್ಚು ಹೊತ್ತು ಉಳಿದು ಎನಾಮಲ್ ಸವೆಯುತ್ತದೆ, ಎದೆಯುರಿ ಇರುವವರಿಗೆ ಮಲಗುವ ಮುನ್ನ ತಿಂದ ಹುಳಿ ಹಿಂಸೆ ಕೊಡುತ್ತದೆ. ನಿಷೇಧ ಹುಟ್ಟಿದ್ದು ಇದೇ ಕಾರಣಕ್ಕೆ ಎಂದು ನಾವು ಹೇಳುತ್ತಿಲ್ಲ. ಹಳೆಯ ಆಚಾರಗಳಿಗೆಲ್ಲ ವಿಜ್ಞಾನದ ಅಂಗಿ ತೊಡಿಸುವ ಚಟ ನಮಗಿಲ್ಲ.

ಇದಕ್ಕೆ ಹತ್ತಿರದ ಇನ್ನೊಂದು ಮಾತು ಚರಕಸಂಹಿತೆಯಲ್ಲಿದೆ. ರಾತ್ರಿ ಮೊಸರು ತಿನ್ನಬಾರದು ಎಂದು ಹೇಳುವ ಅದೇ ಶ್ಲೋಕ, ಮೊಸರನ್ನು ಬರಿದಾಗಿ ತಿನ್ನದೆ ತುಪ್ಪ, ಸಕ್ಕರೆ, ಹೆಸರುಕಾಳಿನ ರಸ, ಜೇನು, ನೆಲ್ಲಿ ಇಂಥವನ್ನು ಕೂಡಿಸಿ ತಿನ್ನಬೇಕೆನ್ನುತ್ತದೆ. ಹಗಲೂಟಕ್ಕೆ ನಾವು ಮಾಡುವ ನೆಲ್ಲಿಯ ತಂಬುಳಿ, ಮೊಸರು ಗೊಜ್ಜುಗಳು ಈ ಮಾತಿಗೆ ಸರಿಯಾಗಿಯೇ ಹೊಂದುತ್ತವೆ.

ಪ್ರಶ್ನೆ: ಚ್ಯವನಪ್ರಾಶ ತಿಂದರೆ ಯೌವನ ಮರಳುತ್ತದೆಂಬ ಜಾಹೀರಾತುಗಳನ್ನು ನೋಡಿ ನಗು ಬರುತ್ತದೆ. ಆದರೂ ಈ ನಂಬಿಕೆಯ ಮೂಲ ಎಲ್ಲಿದೆ ಎಂದು ತಿಳಿಯುವ ಆಸೆ. ನನಗೀಗ ಎಪ್ಪತ್ತು ದಾಟಿದೆ, ತಿನ್ನಬಹುದೇ?
(ನಿವೃತ್ತ ಅಧ್ಯಾಪಕರು, ಧಾರವಾಡ)

ಮೂಲ ಬಹಳ ಹಳೆಯದು, ಜಾಹೀರಾತಿಗಿಂತ ಎಷ್ಟೋ ಪಾಲು ಸುಂದರವಾದದ್ದು. ಮುದಿ ಋಷಿ ಚ್ಯವನನಿಗೆ ಅಶ್ವಿನೀದೇವತೆಗಳು ಯೌವನ ಕೊಟ್ಟ ಕಥೆ ನಿಮಗೆ ಗೊತ್ತೇ ಇದೆ. ಚರಕಸಂಹಿತೆಯ ಚಿಕಿತ್ಸಾಸ್ಥಾನ ಆರಂಭವಾಗುವುದೇ ರಸಾಯನದ, ಎಂದರೆ ಮುಪ್ಪನ್ನು ತಡೆಯುವ ಮದ್ದಿನ ಅಧ್ಯಾಯದಿಂದ. ಅಲ್ಲಿ ಚ್ಯವನಪ್ರಾಶಕ್ಕೆ 500 ನೆಲ್ಲಿಕಾಯಿ ತೆಗೆದುಕೊಳ್ಳಬೇಕೆಂಬ ವಿಧಿಯಿದೆ. ಸೂತ್ರಸ್ಥಾನದಲ್ಲಿ, ವಯಸ್ಸನ್ನು ಹಿಡಿದು ನಿಲ್ಲಿಸುವ ದ್ರವ್ಯಗಳಲ್ಲಿ ನೆಲ್ಲಿಯೇ ಶ್ರೇಷ್ಠ ಎಂಬ ಮಾತೂ ಇದೆ.

ಇವೆಲ್ಲಕ್ಕಿಂತ ವಿಚಿತ್ರವಾದದ್ದು, ಅದೇ ಅಧ್ಯಾಯದಲ್ಲಿ ಬರುವ ಕೇವಲಾಮಲಕ ರಸಾಯನ. ಅದರಲ್ಲಿ ಕುದಿಸುವುದೂ ಇಲ್ಲ, ಅರೆಯುವುದೂ ಇಲ್ಲ. ಸಾಧಕನು ಒಂದು ವರ್ಷ ಹಾಲನ್ನಷ್ಟೇ ಕುಡಿದು, ದನಗಳ ನಡುವೆ ವಾಸಿಸಿ, ಗಾಯತ್ರಿಯನ್ನು ಧ್ಯಾನಿಸುತ್ತ ಬ್ರಹ್ಮಚರ್ಯದಿಂದ ಇರಬೇಕು. ವರ್ಷದ ಕೊನೆಯಲ್ಲಿ ಪುಷ್ಯ, ಮಾಘ ಅಥವಾ ಫಾಲ್ಗುನದ ಶುಕ್ಲಪಕ್ಷದಲ್ಲಿ ಮೂರು ದಿನ ಉಪವಾಸವಿದ್ದು, ನೆಲ್ಲಿಯ ವನವನ್ನು ಹೊಕ್ಕು, ದೊಡ್ಡ ಕಾಯಿಗಳ ಮರವನ್ನು ಹತ್ತಿ, ಕೊಂಬೆಯಲ್ಲಿರುವ ಕಾಯಿಯನ್ನು ಕೀಳದೆ ಕೈಯಲ್ಲಿ ಹಿಡಿದು ಜಪಿಸುತ್ತ ನಿಲ್ಲಬೇಕು. ಆಗ ಒಂದು ಕ್ಷಣ ಅಮೃತವು ಆ ಕಾಯಿಯಲ್ಲಿ ಬಂದು ನೆಲೆಸುತ್ತದೆ, ಕಾಯಿ ಸಕ್ಕರೆಯಂತೆ, ಜೇನಿನಂತೆ ಸಿಹಿಯಾಗಿ ಮೆತ್ತಗಾಗುತ್ತದೆ, ಎಷ್ಟು ಕಾಯಿ ತಿಂದರೆ ಅಷ್ಟು ಸಾವಿರ ವರ್ಷ ಆಯುಸ್ಸು. ವೈದ್ಯಗ್ರಂಥದ ನಡುವೆ ಮಂತ್ರಸಿದ್ಧಿಯ ಇಂಥ ಪ್ರಯೋಗವನ್ನು ಓದಿದಾಗ ಬೆರಗಾಗುತ್ತದೆ. ಆದರೆ ಅದರಲ್ಲಿ ಹೇಳಿದ ತಿಂಗಳುಗಳನ್ನು ನೋಡಿ. ಕಾರ್ತಿಕದಲ್ಲಿ ಇನ್ನೂ ಕಟುವಾಗಿ ಒಗರುವ ಕಾಡುನೆಲ್ಲಿ ಪೂರ್ತಿ ಬಲಿತು, ಬಣ್ಣ ತಿಳಿಯಾಗಿ, ಒಗರು ಸ್ವಲ್ಪ ತಗ್ಗುವುದು ಆ ತಿಂಗಳುಗಳಲ್ಲಿಯೇ. ಮಂತ್ರ ಬರೆದವನಿಗೆ ಮರದ ಪರಿಚಯ ಚೆನ್ನಾಗಿಯೇ ಇತ್ತು.

ತಮಿಳು ಸಂಗಂ ಕಾಲದಲ್ಲಿಯೂ ಇಂಥದೇ ಒಂದು ಕಾಯಿ ಬರುತ್ತದೆ. ಇಂದಿನ ಧರ್ಮಪುರಿಯಾದ ತಗಡೂರಿನ ದೊರೆ ಅದಿಯಮಾನನಿಗೆ, ದುರ್ಗಮ ಬೆಟ್ಟದಲ್ಲಿ ಬೆಳೆಯುವ, ತಿಂದವರಿಗೆ ದೀರ್ಘಾಯುಸ್ಸು ಕೊಡುವ ಸಿಹಿನೆಲ್ಲಿ ದೊರೆಯಿತು. ಅವನು ಅದರ ಮಹಿಮೆಯನ್ನು ಹೇಳದೆ ಅವ್ವೈಯಾರ್ ಎಂಬ ಕವಯಿತ್ರಿಗೆ ತಿನ್ನಿಸಿದನು. ಮೌರ್ಯ ಅಶೋಕನ ಬೌದ್ಧ ಕಥೆಯಲ್ಲಿಯಂತೂ, ಎಲ್ಲವನ್ನೂ ದಾನ ಮಾಡಿ ಮುಗಿಸಿದ ಚಕ್ರವರ್ತಿಯ ಕೈಯಲ್ಲಿ ಕೊನೆಗೆ ಉಳಿದದ್ದು ಅರ್ಧ ನೆಲ್ಲಿಕಾಯಿ. ಅದನ್ನೂ ಅವನು ಕುಕ್ಕುಟಾರಾಮವೆಂಬ ವಿಹಾರದ ಭಿಕ್ಷುಸಂಘಕ್ಕೆ ಕಳಿಸಿಕೊಟ್ಟ.

ನಿಮ್ಮ ಎರಡನೆಯ ಪ್ರಶ್ನೆಗೆ ಬರೋಣ. ಇಂದಿನ ಚ್ಯವನಪ್ರಾಶದಲ್ಲಿ ಸಕ್ಕರೆಯ ಪಾಲು ಗಣನೀಯವಾಗಿದೆ. ಸಕ್ಕರೆ ಕಾಯಿಲೆ ಇಲ್ಲದಿದ್ದರೆ ದಿನಕ್ಕೊಂದು ಚಮಚ ತಿನ್ನಲು ಅಡ್ಡಿಯಿಲ್ಲ. ಇದ್ದರೆ ಬಿಟ್ಟು, ಸುಗ್ಗಿಯಲ್ಲಿ ಹಸಿ ಕಾಯಿಯನ್ನೇ ತಿನ್ನಿ. ಯೌವನದ ಭರವಸೆಯನ್ನು ನಾವು ಕೊಡಲಾರೆವು.

ಪ್ರಶ್ನೆ: ನೆಲ್ಲಿಯಲ್ಲಿರುವ ಸಿ ಜೀವಸತ್ವ ಬೇಯಿಸಿದರೂ ಒಣಗಿಸಿದರೂ ಹಾಳಾಗುವುದಿಲ್ಲ ಎನ್ನುತ್ತಾರೆ. ನಿಜವೇ? ಮಕ್ಕಳಿಗೆ ನೆಗಡಿ ಬಾರದಂತೆ ಎಷ್ಟು ಕೊಡಬೇಕು?
(ಅಂಗನವಾಡಿ ಕಾರ್ಯಕರ್ತೆ, ಹಾಸನ)

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ನೆಲ್ಲಿಕಾಯಿಯಲ್ಲಿ ಸುಮಾರು 252 ಮಿಲಿಗ್ರಾಂ ಸಿ ಜೀವಸತ್ವವಿದೆ. ಹಳೆಯ ಕೋಷ್ಟಕದಲ್ಲಿದ್ದ 600 ಎಂಬ ಅಂಕಿಯೇ ಈಗಲೂ ಪುಸ್ತಕದಿಂದ ಪುಸ್ತಕಕ್ಕೆ ನಡೆದುಬರುತ್ತಿದೆ. ಹೊಸ ಅಂಕಿಯನ್ನೇ ಹಿಡಿದರೂ ಇದು ಕಿತ್ತಳೆಯ ಐದಾರು ಪಟ್ಟು. ದುಡಿಯುವ ಗಂಡಸಿಗೆ ದಿನಕ್ಕೆ 80 ಮಿಲಿಗ್ರಾಂ, ಹೆಂಗಸಿಗೆ 65 ಮಿಲಿಗ್ರಾಂ ಸಾಕೆಂಬುದು 2020ರ ಶಿಫಾರಸು. ಎಂದರೆ ಅಂಗಡಿಯ ಒಂದು ದೊಡ್ಡ ಕಾಯಿ ಇಡೀ ದಿನದ ಅಗತ್ಯವನ್ನು ಪೂರೈಸುತ್ತದೆ, ಮಗುವಿಗೆ ಅರ್ಧ ಕಾಯಿ ಧಾರಾಳವಾಯಿತು. ಸೀಬೆಹಣ್ಣು ನೆಲ್ಲಿಗೆ ಬಹಳ ಹಿಂದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ, ನೆಲ್ಲಿಯ ಹುಳಿಗೆ ಮುಖ ಸಿಂಡರಿಸುವ ಮಕ್ಕಳಿಗೆ ಅದನ್ನು ಕೊಡಬಹುದು.

ಹಾಳಾಗುವುದೇ ಇಲ್ಲ ಎಂಬುದು ಉತ್ಪ್ರೇಕ್ಷೆ. ನೆಲ್ಲಿಯ ಹುಳಿ ಮತ್ತು ಟ್ಯಾನಿನ್‌ಗಳು ಈ ಜೀವಸತ್ವ ಕೆಡುವುದನ್ನು ಸ್ವಲ್ಪ ನಿಧಾನಿಸುತ್ತವೆ, ಪೂರ್ತಿ ತಡೆಯುವುದಿಲ್ಲ. ಕುದಿಸಿದ ನೀರನ್ನು ಚೆಲ್ಲಿದರೆ ಅದರ ಜೊತೆ ಹೋಗುವುದು ಹೋಯಿತು, ಬಿಸಿಲಲ್ಲಿ ವಾರಗಟ್ಟಲೆ ಒಣಗಿದರೆ ಇನ್ನಷ್ಟು ಹೋಯಿತು. ನೆಗಡಿಯ ವಿಷಯದಲ್ಲಿಯೂ ನಿರೀಕ್ಷೆ ಮಿತವಾಗಿರಲಿ. ಸಿ ಜೀವಸತ್ವವನ್ನು ದಿನವೂ ತೆಗೆದುಕೊಂಡವರಲ್ಲಿ ನೆಗಡಿ ಸ್ವಲ್ಪ ಬೇಗ ಇಳಿಯುತ್ತದೆ, ಆದರೆ ಸಾಮಾನ್ಯ ಜನರಲ್ಲಿ ನೆಗಡಿ ಬಾರದಂತೆ ಅದು ತಡೆಯುವುದಿಲ್ಲ ಎಂಬುದು ಅನೇಕ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡುಬಂದ ಸಂಗತಿ. ನಿಮ್ಮ ಕೇಂದ್ರದ ಮಕ್ಕಳಿಗೆ ನೆಲ್ಲಿಯ ನಿಜವಾದ ಉಪಕಾರ ಬೇರೆಡೆ ಇದೆ. ರಾಗಿ, ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ಸಿ ಜೀವಸತ್ವ ನೆರವಾಗುತ್ತದೆ. ಊಟದ ತಟ್ಟೆಯಲ್ಲಿಯೇ ಹಸಿ ನೆಲ್ಲಿಯ ತುರಿಯನ್ನು ಒಂದಿಷ್ಟು ಕೋಸಂಬರಿಗೆ ಬೆರೆಸಿ ಬಡಿಸಿ. ಜೇನಿನಲ್ಲಿ ಹಾಕಿಟ್ಟ ನೆಲ್ಲಿಯನ್ನು ಒಂದು ವರ್ಷ ತುಂಬದ ಕೂಸಿಗೆ ಕೊಡಕೂಡದು, ಜೇನು ಆ ವಯಸ್ಸಿಗೆ ಅಪಾಯಕಾರಿ.

ಪ್ರಶ್ನೆ: ಸಕ್ಕರೆ ಕಾಯಿಲೆಗೆ ನೆಲ್ಲಿ ಮತ್ತು ಅರಿಸಿನ ಕೂಡಿಸಿ ಕುಡಿದರೆ ಮಾತ್ರೆ ಬೇಡವೆಂದು ಪರಿಚಿತರೊಬ್ಬರು ಹೇಳುತ್ತಿದ್ದಾರೆ.
(ವ್ಯಾಪಾರಿ, ದಾವಣಗೆರೆ)

ಮಾತ್ರೆ ನಿಲ್ಲಿಸಬೇಡಿ. ಈ ಜೋಡಿ ಹೊಸದಲ್ಲ. ಸಕ್ಕರೆ ಕಾಯಿಲೆಯೂ ಸೇರುವ ಮೇಹರೋಗಗಳಿಗೆ ಧಾತ್ರಿಯೂ ನಿಶೆಯೂ, ಎಂದರೆ ನೆಲ್ಲಿಯೂ ಅರಿಸಿನವೂ ಶ್ರೇಷ್ಠವೆಂದು ಅಷ್ಟಾಂಗಹೃದಯದಲ್ಲಿ ವಾಗ್ಭಟ ಹೇಳಿದ್ದಾನೆ. ಇಂದಿಗೂ ವೈದ್ಯರು ನಿಶಾಮಲಕಿ ಎಂಬ ಹೆಸರಿನಲ್ಲಿ ಅದನ್ನು ಕೊಡುತ್ತಾರೆ. ಕೆಲವು ಸಣ್ಣ ಪರೀಕ್ಷೆಗಳಲ್ಲಿ ನೆಲ್ಲಿಯ ಪುಡಿ ರಕ್ತದ ಸಕ್ಕರೆಯನ್ನು ತಕ್ಕಮಟ್ಟಿಗೆ ಇಳಿಸಿದ್ದೂ ಉಂಟು. ಆದರೆ ಸಣ್ಣ ಪರೀಕ್ಷೆಯ ಫಲವನ್ನು ನೆಚ್ಚಿ ಮಾತ್ರೆ ಬಿಟ್ಟವರು ಕಣ್ಣು, ಮೂತ್ರಪಿಂಡ ಕಳೆದುಕೊಂಡ ಮೇಲೆ ಪರಿತಪಿಸುತ್ತಾರೆ. ಮಾತ್ರೆಯ ಜೊತೆಗೇ ನೆಲ್ಲಿರಸ ಕುಡಿಯಬೇಕೆನಿಸಿದರೆ ನಿಮ್ಮ ವೈದ್ಯರಿಗೆ ತಿಳಿಸಿಯೇ ಕುಡಿಯಿರಿ, ಏಕೆಂದರೆ ಎರಡೂ ಸೇರಿ ಸಕ್ಕರೆ ತೀರಾ ಕೆಳಗಿಳಿಯುವ ಸಾಧ್ಯತೆ ಇದೆ. ರಕ್ತ ತೆಳುವಾಗಿಸುವ ಔಷಧ ಸೇವಿಸುವವರು, ಮೂತ್ರಪಿಂಡದ ಕಲ್ಲಿನ ತೊಂದರೆ ಇರುವವರು ಕೂಡ ಹೀಗೆಯೇ ಕೇಳಿಕೊಳ್ಳಬೇಕು. ಊಟದಲ್ಲಿ ಬರುವ ಒಂದು ಕಾಯಿಗೆ ಈ ಎಚ್ಚರಿಕೆ ಬೇಡ. ಬಾಟಲಿಗಟ್ಟಲೆ ರಸ ಕುಡಿಯುವವರಿಗಾಗಿ ಇದನ್ನು ಹೇಳುತ್ತಿದ್ದೇವೆ.

ಪ್ರಶ್ನೆ: ನಮ್ಮ ತವರಿನಲ್ಲಿ ನೆಲ್ಲಿಚಟ್ಟು ಮಾಡಿ ವರ್ಷವಿಡೀ ತಂಬುಳಿ ಮಾಡುತ್ತಿದ್ದರು. ಮಾಡುವ ಕ್ರಮ ತಿಳಿಸಿ. ನಾನು ಮಾಡಿದ್ದು ಕಪ್ಪಾಗಿ ಬೂಸಲು ಹಿಡಿಯಿತು.
(ಗೃಹಿಣಿ, ಹುಬ್ಬಳ್ಳಿ, ತವರು ಸಾಗರ)

ನೆಲ್ಲಿಗೆ ಆರು ರಸಗಳಲ್ಲಿ ಐದು ಇವೆ, ಉಪ್ಪೊಂದಿಲ್ಲ ಎನ್ನುತ್ತದೆ ಆಯುರ್ವೇದ. ಅಡುಗೆಮನೆ ಆ ಕೊರತೆಯನ್ನು ಮೊದಲು ತುಂಬುತ್ತದೆ, ಚಟ್ಟು ಉಳಿಯುವುದೂ ಕೆಡುವುದೂ ಉಪ್ಪಿನ ಮೇಲೆಯೇ. ಬಲಿತ ಕಾಡುನೆಲ್ಲಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಅಂಗಡಿಯ ದೊಡ್ಡ ಕಾಯಿ ಬಹುಮಟ್ಟಿಗೆ ಬನಾರಸಿ, ಚಕೈಯಾ, ಕೃಷ್ಣ ಮುಂತಾದ ಉತ್ತರದ ಕಸಿ ತಳಿಗಳದು. ಅದರಲ್ಲಿ ನೀರು ಹೆಚ್ಚು, ಒಗರು ಕಡಿಮೆ, ಒಣಗಲು ಹೆಚ್ಚು ದಿನ ಬೇಕು.

ಕಾಯಿಗಳನ್ನು ತೊಳೆದು, ಮುಳುಗುವಷ್ಟು ನೀರು ಹಾಕದೆ ಹಬೆಯಲ್ಲಿ ಬೇಯಿಸಿ. ಮೈಮೇಲಿನ ಆರು ಗೆರೆಗಳ ಗುಂಟ ಕಾಯಿ ತಾನಾಗಿ ಬಿರಿದರೆ ಬೆಂದಿದೆ ಎಂದರ್ಥ. ಬಿಸಿ ಆರಿದ ಮೇಲೆ ಬೆರಳಿನಿಂದ ಒತ್ತಿದರೆ ಹೋಳುಗಳು ಕಳಚಿ ಬೀಜ ಬರುತ್ತದೆ. ಹೋಳುಗಳಿಗೆ ಕೈತುಂಬ ಉಪ್ಪು, ಹಸಿಮೆಣಸು ಇಲ್ಲವೇ ಒಣಮೆಣಸು, ಜೀರಿಗೆ, ಇಂಗು ಸೇರಿಸಿ ನೀರು ಸೋಕಿಸದೆ ರುಬ್ಬಿ, ಪುಟ್ಟ ವಡೆಗಳಂತೆ ತಟ್ಟಿ, ಬಾಳೆಯೆಲೆ ಅಥವಾ ಮರದ ಮೊರದ ಮೇಲೆ ಒಣಗಿಸಿ. ಮೊದಲ ದಿನ ಮೇಲ್ಮೈ ಬಿಗಿಯುತ್ತದೆ, ಮರುದಿನ ಮಗುಚಬೇಕು. ನಡುವೆ ಮುರಿದು ನೋಡಿದಾಗ ಒಳಗೆ ಮೆತ್ತಗಿನ ತೇವ ಇದ್ದರೆ ಇನ್ನೂ ಬಿಸಿಲು ಬೇಕು. ನಿಮಗೆ ಬೂಸಲು ಬಂದದ್ದು ಈ ತೇವದಿಂದ, ಇಲ್ಲವೆ ಉಪ್ಪು ಕಡಿಮೆಯಾದದ್ದರಿಂದ. ಕಪ್ಪಾದದ್ದು ಮಾತ್ರ ದೋಷವಲ್ಲ. ಒಗರಿನ ಅಂಶ ಗಾಳಿಗೆ ಕಪ್ಪಾಗುತ್ತದೆ, ಕಬ್ಬಿಣದ ಪಾತ್ರೆ ಅಥವಾ ಸವೆದ ಚಾಕು ತಗಲಿದರೆ ಇನ್ನೂ ಬೇಗ. ಆದ್ದರಿಂದ ಸ್ಟೀಲು, ಕಲ್ಲು ಇಲ್ಲವೇ ಪಿಂಗಾಣಿಯನ್ನೇ ಬಳಸಿ, ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಬೇಡ.

ತಂಬುಳಿಗೆ ಒಂದು ಚಟ್ಟನ್ನು ಅರ್ಧ ಗಂಟೆ ನೆನೆಹಾಕಿ, ಒಂದು ಹಿಡಿ ತೆಂಗಿನತುರಿ, ತುಪ್ಪದಲ್ಲಿ ಹುರಿದ ಜೀರಿಗೆ, ನಾಲ್ಕು ಕಾಳುಮೆಣಸಿನೊಂದಿಗೆ ನುಣ್ಣಗೆ ರುಬ್ಬಿ, ಕಡೆದ ಮಜ್ಜಿಗೆಗೆ ಬೆರೆಸಿ, ಸಾಸಿವೆ ಒಗ್ಗರಣೆ ಕೊಡಿ. ಕುದಿಸುವುದು ಬೇಡ. ಚಟ್ಟಿನಲ್ಲಿಯೇ ಉಪ್ಪಿರುವುದರಿಂದ ರುಚಿ ನೋಡಿಯೇ ಉಪ್ಪು ಹಾಕಿ. ಬೇಸಿಗೆಯ ಮಧ್ಯಾಹ್ನ ಬಿಸಿ ಅನ್ನಕ್ಕೆ ಇದಕ್ಕಿಂತ ಹಿತವಾದ ಇನ್ನೊಂದು ಕಲಸುವಿಕೆ ನಮಗೆ ಗೊತ್ತಿಲ್ಲ. ಹಸಿ ಕಾಯಿ ಇರುವಾಗ ಮಾತ್ರ ಚಟ್ಟಿಗೆ ಕೈಹಾಕದೆ, ತುರಿದ ನೆಲ್ಲಿಗೆ ತೆಂಗಿನಕಾಯಿ, ಸಾಸಿವೆ ಅರೆದು ಹಾಕಿ ಚಿತ್ರಾನ್ನ ಮಾಡಿ.

ಪ್ರಶ್ನೆ: ನರೆಗೂದಲಿಗೆ ನೆಲ್ಲಿಪುಡಿಯನ್ನು ಕಬ್ಬಿಣದ ಬಾಣಲೆಯಲ್ಲಿಯೇ ಏಕೆ ನೆನೆಸಬೇಕು? ಹಚ್ಚುತ್ತಿದ್ದರೆ ಬುಡದಿಂದಲೇ ಕಪ್ಪು ಕೂದಲು ಬರುತ್ತದೆಯೇ?
(ಬ್ಯಾಂಕ್ ಉದ್ಯೋಗಿ, ಮೈಸೂರು)

ಚಟ್ಟನ್ನು ಕಪ್ಪಾಗಿಸುವ ಬಣ್ಣವೇ ಇಲ್ಲಿ ಉಪಯೋಗಕ್ಕೆ ಬರುತ್ತದೆ. ನೆಲ್ಲಿಪುಡಿಯನ್ನು ರಾತ್ರಿ ಕಬ್ಬಿಣದ ಬಾಣಲೆಯಲ್ಲಿ ನೆನೆಹಾಕಿದರೆ, ಹುಳಿ ಕಬ್ಬಿಣವನ್ನು ಸ್ವಲ್ಪ ಕರಗಿಸುತ್ತದೆ, ಆ ಕಬ್ಬಿಣ ಒಗರಿನ ಟ್ಯಾನಿನ್‌ಗಳೊಡನೆ ಕೂಡಿ ಬೆಳಗಾಗುವಷ್ಟರಲ್ಲಿ ನೀಲಿ ಮಿಶ್ರಿತ ಗಾಢ ಕಪ್ಪು ಬರುತ್ತದೆ. ಹಿಂದೆ ಅಳಲೆಕಾಯಿಯ ಒಗರಿಗೆ ಕಬ್ಬಿಣದ ಅಂಶ ಕೂಡಿಸಿ ಬರೆಯುವ ಮಸಿ ಮಾಡುತ್ತಿದ್ದುದೂ ಇದೇ ಗುಟ್ಟಿನಿಂದ. ಈ ಬಣ್ಣ ಕೂದಲಿನ ಹೊರಮೈಗೆ ಹಿಡಿಯುತ್ತದೆ, ನಾಲ್ಕಾರು ತೊಳೆತಕ್ಕೆ ಮಾಸುತ್ತದೆ. ಬುಡದಲ್ಲಿ ಬಣ್ಣ ಮಾಡುವ ಜೀವಕೋಶಗಳಿಗೆ ಅದು ತಲುಪುವುದಿಲ್ಲ, ಹಾಗಾಗಿ ಹುಟ್ಟುವ ಕೂದಲು ನರೆಯಾಗಿಯೇ ಹುಟ್ಟುತ್ತದೆ. ದಿಂಬಿನ ಹೊದಿಕೆಯ ಮೇಲೆ ಹಿಡಿದ ಕಲೆ ಮಾತ್ರ ಸುಲಭಕ್ಕೆ ಹೋಗುವುದಿಲ್ಲವೆಂದು ಮುಂಚೆಯೇ ಹೇಳಿಬಿಡುತ್ತೇವೆ.

ಪ್ರಶ್ನೆ: ಹೊಸ ಬಾವಿ ತೋಡಿಸಿದ್ದೇವೆ. ತಳಕ್ಕೆ ನೆಲ್ಲಿಯ ಹಲಗೆ ಹಾಕಿದರೆ ನೀರು ಎಂದೂ ಕೆಡುವುದಿಲ್ಲ, ಗಾಳಿ ಸೋಂಕೂ ತಾಗುವುದಿಲ್ಲ ಎಂದು ಮಾವನವರು ಹೇಳುತ್ತಾರೆ.
(ಕೃಷಿಕ, ಪುತ್ತೂರು)

ಕರಾವಳಿಯಲ್ಲಿಯೂ ಕೇರಳದಲ್ಲಿಯೂ ಇದು ಹಳೆಯ ರೂಢಿ. ನೆಲ್ಲಿಯ ಮರದಲ್ಲಿ ಒಗರಿನ ಅಂಶ ತುಂಬಿರುವುದರಿಂದ ನೀರಿನಡಿಯಲ್ಲಿ ಬಹುಕಾಲ ಕೊಳೆಯದೆ ಬಾವಿಯ ಗೋಡೆಗೆ ಅಡಿಪಾಯದ ಉಂಗುರವಾಗಿ ನಿಲ್ಲುತ್ತದೆ, ಹೊಸ ಹಲಗೆಯಿಂದ ನೀರಿಗೆ ತುಸು ಒಗರೂ ಇಳಿಯುತ್ತದೆ. ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಅಂತರ್ಜಲದ ಅಧ್ಯಾಯಕ್ಕೆ ಸೇರಿಸಿ, ಕಲಕಿದ ಅಥವಾ ಕಹಿ, ಉಪ್ಪು ರುಚಿಯ ಬಾವಿಗೆ ಅಂಜನ, ಕೊನ್ನಾರಿಗಡ್ಡೆ, ಲಾವಂಚ ಮುಂತಾದವುಗಳ ಜೊತೆಗೆ ನೆಲ್ಲಿಯ ಪುಡಿಯನ್ನೂ ಚಿಲ್ಲದ ಬೀಜವನ್ನೂ ಹಾಕಬೇಕೆಂದು ಬರೆದಿದ್ದಾನೆ. ಇವುಗಳಲ್ಲಿ ಚಿಲ್ಲದ ಬೀಜ ರಾಡಿಯನ್ನು ತಳಕ್ಕಿಳಿಸುವುದು ನಿಜ. ಆದರೆ ನೀರು ತಿಳಿಯಾಗುವುದು ಬೇರೆ, ರೋಗಾಣು ಸಾಯುವುದು ಬೇರೆ. ಹಲಗೆ ಹಾಕಿಸಿ ಮಾವನವರ ಮನಸ್ಸನ್ನೂ ಬಾವಿಯ ಗೋಡೆಯನ್ನೂ ಗಟ್ಟಿಮಾಡಿ, ಕುಡಿಯುವ ನೀರನ್ನು ಕುದಿಸಿಯೇ ಕುಡಿಯಿರಿ, ಮಳೆಗಾಲಕ್ಕೆ ಮುಂಚೆ ಕ್ಲೋರಿನ್ ಹಾಕಿಸಿ.

ಪ್ರಶ್ನೆ: ಅಮೆರಿಕದ ಅಂಗಡಿಯಲ್ಲಿ ಗೂಸ್‌ಬೆರಿ ಎಂಬ ಹೆಸರಿನಲ್ಲಿ ಸಿಕ್ಕಿದ್ದು ನಮ್ಮ ನೆಲ್ಲಿಯಂತೆ ಇರಲಿಲ್ಲ. ಊರಿನಲ್ಲಿ ಕಾಮಾಲೆಗೆ ಕೊಡುವ ನೆಲನೆಲ್ಲಿ ಇದರ ಮರಿಯೇ?
(ಸಾಫ್ಟ್‌ವೇರ್ ಉದ್ಯೋಗಿ, ನ್ಯೂಜೆರ್ಸಿ)

ಯುರೋಪಿನ ಗೂಸ್‌ಬೆರಿ ಮುಳ್ಳುಪೊದೆಯ ಹಣ್ಣು, ನೆಲ್ಲಿಗೂ ಅದಕ್ಕೂ ನಂಟಿಲ್ಲ. ಭಾರತೀಯ ಅಂಗಡಿಗಳಲ್ಲಿ ಆಮ್ಲಾ ಎಂಬ ಹೆಸರಿನಲ್ಲಿ ಹೆಪ್ಪುಗಟ್ಟಿಸಿದ ಕಾಯಿ ಸಿಗುತ್ತದೆ. ಉಪ್ಪಿನಕಾಯಿಗೆ ಅದು ಮೆತ್ತಗಾಯಿತು, ಗೊಜ್ಜಿಗೂ ಚಿತ್ರಾನ್ನಕ್ಕೂ ಸಾಕು. ಗಾಢ ಹುಳಿಯ, ಮಕ್ಕಳ ಪ್ರೀತಿಯ ಕಿರುನೆಲ್ಲಿಯ ಮರವೂ, ಎಲೆಯಡಿಯಲ್ಲಿ ಸಾಸಿವೆಯಂಥ ಕಾಯಿಬಿಡುವ ನೆಲನೆಲ್ಲಿಯ ಗಿಡವೂ ನೆಲ್ಲಿಯ ಕುಲದವೇ, ಆದರೆ ಬೇರೆ ಬೇರೆ ಸಸ್ಯಗಳು. ಕಾಮಾಲೆಗೆ ಕಾರಣಗಳು ಹಲವಿವೆ. ಗಿಡದ ರಸ ಕುಡಿಯುವ ಮುನ್ನ ರಕ್ತಪರೀಕ್ಷೆ ಆಗಲಿ.

ಪ್ರಶ್ನೆ: ಹಿತ್ತಲಿನ ನೆಲ್ಲಿಮರ ಎಂಟು ವರ್ಷವಾದರೂ ಕಾಯಿ ಬಿಟ್ಟಿಲ್ಲ. ಗ್ರಹಣದ ದಿನ ಕೊಡಲಿ ತೋರಿಸಿ, ಕಡಿಯುತ್ತೇನೆ ಎಂದು ಬೆದರಿಸಿದರೆ ಬಿಡುತ್ತದಂತೆ. ಮಾಡಬಹುದೇ?
(ಕೃಷಿಕ ಮಹಿಳೆ, ತುಮಕೂರು)

ಬೆದರಿಸಲು ಖರ್ಚಿಲ್ಲ, ಬೆದರಿಸಿ. ಹಲಸು, ಹುಣಿಸೆಗಳಿಗೂ ನಮ್ಮ ಹಳ್ಳಿಗಳಲ್ಲಿ ಇದೇ ಶಿಕ್ಷೆ ಉಂಟು. ಒಬ್ಬರು ಕೊಡಲಿ ಎತ್ತುವುದು, ಇನ್ನೊಬ್ಬರು ಮರದ ಪರವಾಗಿ ನಿಂತು ಮುಂದಿನ ವರ್ಷ ಬಿಡುತ್ತದೆ ಎಂದು ಮಾತುಕೊಡುವುದು ಕಣ್ಣಿಗೆ ಒಳ್ಳೆಯ ಆಟವೇ. ಕೊಡಲಿಯ ಪೆಟ್ಟು ತೊಗಟೆಗೆ ನಿಜವಾಗಿಯೂ ಬಿದ್ದಾಗ, ಎಲೆಗಳಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯದೆ ಮೇಲೆಯೇ ನಿಂತು, ಕೆಲವು ಹಣ್ಣಿನ ಮರಗಳು ಹೂಬಿಡುವುದುಂಟು. ನಂಬಿಕೆ ಉಳಿದುಬಂದಿರುವುದಕ್ಕೆ ಅದೂ ಒಂದು ಕಾರಣವಿರಬಹುದು. ಆದರೆ ನಿಮ್ಮ ಮರ ಹೂಬಿಟ್ಟೂ ಕಾಯಿ ಕಟ್ಟದೆ ಇದ್ದರೆ ತಪ್ಪು ಮರದ್ದಲ್ಲ. ನೆಲ್ಲಿಯಲ್ಲಿ ಗಂಡುಹೂ, ಹೆಣ್ಣುಹೂ ಒಂದೇ ಮರದಲ್ಲಿ ಬೇರೆ ಬೇರೆಯಾಗಿ ಬರುತ್ತವೆ. ಅನೇಕ ತಳಿಗಳು ತಮ್ಮದೇ ಪರಾಗದಿಂದ ಚೆನ್ನಾಗಿ ಕಾಯಿ ಕಟ್ಟುವುದಿಲ್ಲ. ಹತ್ತಿರದಲ್ಲಿ ಬೇರೊಂದು ತಳಿಯ ನೆಲ್ಲಿ ಇದ್ದರೆ ಜೇನುನೊಣಗಳು ಉಳಿದ ಕೆಲಸ ಮಾಡುತ್ತವೆ. ಈ ಮಳೆಗಾಲದಲ್ಲಿ ನರ್ಸರಿಯಿಂದ ಬೇರೆ ತಳಿಯ ಒಂದು ಕಸಿಗಿಡ ತಂದು, ಮೊದಲ ಮರದಿಂದ ಹದಿನೈದಿಪ್ಪತ್ತು ಅಡಿ ದೂರದಲ್ಲಿ ನೆಡಿ. ಬೀಜದಿಂದ ಎದ್ದ ಗಿಡವನ್ನು ಮಾತ್ರ ನೆಡಬೇಡಿ, ಮತ್ತೆ ಎಂಟು ವರ್ಷ ಕಾಯಬೇಕಾಗಬಹುದು.